ಡ್ರಾಯಿಂಗ್ ಸಿದ್ಧವಿದ್ದರೂ ಸೂಪರ್‌ಕಾರ್ ರಸ್ತೆಗಿಳಿಯಲು ಇಷ್ಟು ತಡ ಯಾಕೆ?

ಓದುಗರ ಪ್ರಶ್ನೆ: ಎಂಜಿನ್ ಇದೆ, ಬಾಡಿ ಡಿಸೈನ್ ಆಗಿದೆ, ಲೆಕ್ಕಾಚಾರವೂ ಮುಗಿದಿದೆ. ಆದರೂ ಕಂಪನಿಗಳು ಐದಾರು ಪ್ರೊಟೊಟೈಪ್ ಕಟ್ಟುತ್ತವೆ, ಕೆಲವನ್ನು ಬೇಕೆಂದೇ ಜಜ್ಜಿ ಹಾಕುತ್ತವೆ. ಒಂದೇ ಕಾರು ಮಾಡಿ ಅದನ್ನೇ ತಿದ್ದುತ್ತಾ ಹೋದರೆ ಸಾಲದೇ?

ಸಾಲದು. ಗೋಡೆಗೆ ಗುದ್ದಿಸಿದ ಕಾರಿನಲ್ಲಿ ಮರುದಿನ ಗೇರ್‌ಬಾಕ್ಸ್ ಬಾಳಿಕೆ ನೋಡಲಾಗುವುದಿಲ್ಲ. ಬಿಸಿಲುನಾಡಿನಲ್ಲಿ ಎಂಜಿನ್ ಕಾಯಿಸುತ್ತಿರುವ ಕಾರು ಅದೇ ವಾರ ಬ್ರೇಕ್ ಪರೀಕ್ಷೆಗೆ ಸಿಗುವುದಿಲ್ಲ. ಇದನ್ನು ತಿಳಿಯಲು 1990ರ ದಶಕದ ಬ್ರಿಟಿಷ್ ಸೂಪರ್‌ಕಾರ್ ಮೆಕ್‌ಲಾರೆನ್ ಎಫ್1ಗಿಂತ (ರೇಸಿನ ಫಾರ್ಮುಲಾ 1 ಕಾರಲ್ಲ, ರಸ್ತೆಯ ಕಾರು) ಒಳ್ಳೆಯ ಉದಾಹರಣೆ ಕಡಿಮೆ. ಗಾರ್ಡನ್ ಮರ್ರಿ ವಿನ್ಯಾಸದ ಈ ಕಾರಿನ ಯಾವ ಪ್ರೊಟೊಟೈಪ್ ಯಾವ ಕೆಲಸಕ್ಕೆ ಹುಟ್ಟಿತು, ಕೊನೆಗೆ ಏನಾಯಿತು ಎಂಬುದು ಸ್ಪಷ್ಟವಾಗಿ ದಾಖಲಾಗಿದೆ.

ಮೊದಲು ಬಂದದ್ದು ಎಫ್1 ಅಲ್ಲವೇ ಅಲ್ಲ. ಅಲ್ಟಿಮಾ ಎಂಬ ಬ್ರಿಟಿಷ್ ಕಿಟ್ ಕಾರುಗಳನ್ನು (ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಳ್ಳುವ ಕಾರು) ಎರಡು ತಂದು, ಅವುಗಳೊಳಗೆ ಎಫ್1ನ ಭಾಗಗಳನ್ನು ತುರುಕಿದರು. ಇಂಥ ಗಾಡಿಗೆ ಈ ಕಸುಬಿನಲ್ಲಿ ‘ಮ್ಯೂಲ್’ ಎನ್ನುತ್ತಾರೆ, ಅಂದರೆ ಹೇಸರಗತ್ತೆ. ಹೊರಗಿನ ಮೈ ಒಂದು ಜಾತಿಯದು, ಒಳಗಿನ ಕರುಳು ಇನ್ನೊಂದರದು, ಭಾರ ಹೊರುವುದೇ ಕೆಲಸ. ಹೆಸರು ಚೆನ್ನಾಗಿ ಒಪ್ಪುತ್ತದೆ. ಎರಡಕ್ಕೂ ಆಲ್ಬರ್ಟ್, ಎಡ್ವರ್ಡ್ ಎಂದು ನಾಮಕರಣವಾಗಿತ್ತು.

ಆಲ್ಬರ್ಟ್‌ಗೆ ಗೇರ್‌ಬಾಕ್ಸ್ ಹೊಣೆ. ಅದರಲ್ಲಿ ಕೂರಿಸಿದ್ದು 7.4 ಲೀಟರಿನ ಶೆವರ್ಲೆ ವಿ8 ಎಂಜಿನ್. ಎಫ್1ಗೆ ಬರಬೇಕಿದ್ದದ್ದು ಬಿಎಂಡಬ್ಲ್ಯು ವಿ12 ತಾನೇ, ಇದ್ಯಾಕೆ ಎನ್ನಬಹುದು. ಗೇರಿನ ಹಲ್ಲಿಗೆ ಎಂಜಿನ್ ಯಾರದ್ದಾದರೇನು, ಅದಕ್ಕೆ ತಾಗುವುದು ಟಾರ್ಕ್, ಅಂದರೆ ತಿರುಗಿಸುವ ಬಲ ಮಾತ್ರ. ವಿ12ನ ಟಾರ್ಕಿಗೆ ಸಾಟಿಯಾದದ್ದನ್ನು ಈ ದೊಡ್ಡ ವಿ8 ಕೊಡುತ್ತಿತ್ತು, ಅದೂ ಅಗ್ಗದಲ್ಲಿ. ಸೀಟು, ಬ್ರೇಕ್‌ಗಳನ್ನೂ ಇದರಲ್ಲೇ ನೋಡಿದರು. ಎಡ್ವರ್ಡ್‌ನಲ್ಲಿ ನಿಜವಾದ ವಿ12, ಎಕ್ಸಾಸ್ಟ್, ಕೂಲಿಂಗ್ ಇದ್ದವು. ಲಾಭ ಸರಳ: ಕಾರ್ಬನ್ ಫೈಬರ್ ಶಾಸಿ ಒಂದಕ್ಕೆ ಅಚ್ಚು, ಆಟೊಕ್ಲೇವ್ (ಒತ್ತಡದಲ್ಲಿ ಬೇಯಿಸುವ ಒಲೆ), ನೂರಾರು ಗಂಟೆಗಳ ಕೈಕೆಲಸ ಬೇಕು. ಆಯಿಲ್ ಪೈಪ್ ಎಲ್ಲಿ ಉಜ್ಜುತ್ತದೆ ಎಂದು ನೋಡಲು ಅದನ್ನು ಬಲಿ ಕೊಡುವ ಅಗತ್ಯವಿಲ್ಲ. ಕೊಳವೆ ಚೌಕಟ್ಟಿನ ಕಿಟ್ ಕಾರಾದರೆ ಕತ್ತರಿಸಿ ವೆಲ್ಡ್ ಮಾಡಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಓಡಿಸಬಹುದು.

ಎಂಜಿನ್ ಬಗ್ಗೆ ಮರ್ರಿ ಕೇಳಿದ್ದು 550 ಅಶ್ವಶಕ್ತಿ, 250 ಕೆಜಿ. ಬಿಎಂಡಬ್ಲ್ಯುನ ಪೌಲ್ ರೋಶೆ ಕೊಟ್ಟದ್ದು 6,064 ಸಿಸಿಯ, 627 ಅಶ್ವಶಕ್ತಿಯ, 266 ಕೆಜಿಯ ವಿ12. ಶಕ್ತಿ ಬೋನಸ್, ತೂಕ 16 ಕೆಜಿ ಹೆಚ್ಚು. ಒಂದು ಟನ್ ತೂಕದ ಕಾರು ಬೇಕೆಂದವರಿಗೆ 16 ಕೆಜಿ ಸಣ್ಣದಲ್ಲ. ಕಾರು ಕೊನೆಗೆ ನಿಂತದ್ದು ಸುಮಾರು 1,140 ಕೆಜಿಗೆ.

ಇನ್ನು ಶಾಖ. ನಿಜವಾದ ತಲೆನೋವು ಇದೇ. ಪೆಟ್ರೋಲ್ ಎಂಜಿನಿನಲ್ಲಿ ಸುಟ್ಟ ಇಂಧನದ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸವಾಗುತ್ತದೆ. ಮಿಕ್ಕದ್ದು ಎಕ್ಸಾಸ್ಟಿನಲ್ಲೂ ರೇಡಿಯೇಟರಿನಲ್ಲೂ ಶಾಖವಾಗಿ ಹೋಗುತ್ತದೆ. (1,001 ಅಶ್ವಶಕ್ತಿಯ ಬುಗಾಟಿ ವೇರಾನ್‌ಗೆ 10 ರೇಡಿಯೇಟರ್ ಬೇಕಾದದ್ದು ಸುಮ್ಮನೆ ಅಲ್ಲ.) ಎಫ್1ನಲ್ಲಿ ಎಂಜಿನ್ ಕೋಣೆಯ ಗೋಡೆಯೇ ಕಾರ್ಬನ್ ಫೈಬರ್. ನೂಲು ಶಾಖ ತಡೆದರೂ ನೂಲನ್ನು ಹಿಡಿದಿರುವ ಎಪಾಕ್ಸಿ ರಾಳ ತಡೆಯುವುದಿಲ್ಲ. ಇಂಥ ರಾಳವನ್ನು ಸಾಮಾನ್ಯವಾಗಿ 120ರಿಂದ 180 ಡಿಗ್ರಿಯೊಳಗೆ ಬೇಯಿಸಿ ಗಟ್ಟಿ ಮಾಡುತ್ತಾರೆ. ಅದರ ಹತ್ತಿರಕ್ಕೆ ಗೋಡೆ ಕಾದರೆ ರಾಳ ಮೆದುವಾಗತೊಡಗುತ್ತದೆ, ಭಾರ ಹೊರುವ ಗೋಡೆ ಬಲ ಕಳೆದುಕೊಳ್ಳುತ್ತದೆ. ಪಕ್ಕದಲ್ಲೇ ಹೋಗುವ ಎಕ್ಸಾಸ್ಟ್ ಗಾಳಿಯಾದರೋ 800 ಡಿಗ್ರಿ ದಾಟಬಲ್ಲದು. ಅದಕ್ಕೇ ಎಂಜಿನ್ ಕೋಣೆಗೆ ಚಿನ್ನದ ತಗಡು ಹೊದಿಸಿದರು. ಶೋಕಿಗಲ್ಲ. ಶಾಖದ ಕಿರಣವನ್ನು ಹಿಂದಕ್ಕೆ ಎಸೆಯುವುದರಲ್ಲಿ ಚಿನ್ನ ಗಟ್ಟಿಗ, ಕಪ್ಪಾಗುವುದೂ ಇಲ್ಲ. ಕಾರಿಗೆ ಬೇಕಾದದ್ದು ಸುಮಾರು 16 ಗ್ರಾಂ, ನಮ್ಮ ಕಡೆಯ ಎರಡು ಬಳೆಯಷ್ಟು.

ಶಾಖದ ಪರೀಕ್ಷೆಯಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅತಿ ಹೆಚ್ಚು ಕಾಯುವುದು ಅತಿ ವೇಗದಲ್ಲಿ ಎಂದುಕೊಳ್ಳುತ್ತಾರೆ. ವೇಗದಲ್ಲಿ ಗಾಳಿ ನುಗ್ಗುತ್ತಿರುತ್ತದೆ, ನೀರಿನ ಪಂಪೂ ತಿರುಗುತ್ತಿರುತ್ತದೆ. ಅಪಾಯ ಬರುವುದು ಕೀ ತಿರುಗಿಸಿ ಎಂಜಿನ್ ಆರಿಸಿದ ಮೇಲೆ. ಗಾಳಿಯೂ ನೀರೂ ನಿಂತುಹೋಗುತ್ತವೆ, ಕಾದ ಎಂಜಿನ್, ಎಕ್ಸಾಸ್ಟಿನ ಶಾಖ ಮಾತ್ರ ಸುತ್ತಲಿನ ಭಾಗಗಳಿಗೆ ಹರಡುತ್ತಲೇ ಇರುತ್ತದೆ. ಆದ್ದರಿಂದ ಕಾರನ್ನು ಅರ್ಧ ಗಂಟೆ ಕಸುವಿನಿಂದ ಓಡಿಸಿ, ತಕ್ಷಣ ನಿಲ್ಲಿಸಿ, ಬಾನೆಟ್ ಮುಚ್ಚಿಯೇ ಇಟ್ಟು, ಮುಂದಿನ ಅರ್ಧ ಗಂಟೆಯ ತಾಪಮಾನವನ್ನು ಲಾಗರ್‌ನಲ್ಲಿ ಬರೆದುಕೊಳ್ಳಬೇಕು. ಥರ್ಮೊಕಪಲ್ (ತಾಪ ಅಳೆಯುವ ತಂತಿ) ಅಂಟಿಸುವುದು ಪೆಟ್ರೋಲ್ ಪೈಪ್, ವೈರಿಂಗ್ ಕಟ್ಟು, ಕ್ಲಚ್ ದ್ರವದ ಹೋಸ್, ಎಂಜಿನ್ ಮೌಂಟಿನ ರಬ್ಬರ್, ಎಕ್ಸಾಸ್ಟಿಗೆ ಹತ್ತಿರದ ಗೋಡೆ ಇವುಗಳಿಗೆ. ಕಾದ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದ್ದರೆ, ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಕಂಪನಿಗೆ ಮರ್ಯಾದೆ ಹೋಗುವುದು ಟ್ರ್ಯಾಕಿನಲ್ಲಲ್ಲ, ಹೋಟೆಲ್ ಮುಂದೆ ಇಂಥ ಹೊತ್ತಿನಲ್ಲಿ.

ಬಿಸಿಲಿನ ಪರೀಕ್ಷೆಗೆಂದೇ ಎಕ್ಸ್‌ಪಿ1, ಅಂದರೆ ಮೊದಲ ನಿಜವಾದ ಎಫ್1, 1993ರಲ್ಲಿ ನಮೀಬಿಯಾಕ್ಕೆ ಹೋಯಿತು. ಅಲ್ಲಿ ಕಲ್ಲಿಗೆ ಬಡಿದು ಹಲವು ಪಲ್ಟಿ ಹೊಡೆದು ನಾಶವಾಯಿತು. ಟೀ ಶರ್ಟು, ಚಡ್ಡಿಯಲ್ಲಿದ್ದ ಚಾಲಕನಿಗೆ ಏನೂ ಆಗಲಿಲ್ಲ. ಯಾರೂ ಕೇಳದಿದ್ದ ಅಪಘಾತ ಪರೀಕ್ಷೆ ಅಲ್ಲೇ ಆಗಿಹೋಯಿತು ಎನ್ನಬೇಕು. ಅಧಿಕೃತವಾಗಿ ಗುದ್ದಿಸಲೆಂದು ಕಟ್ಟಿದ್ದು ಎಕ್ಸ್‌ಪಿ2. ಎಕ್ಸ್‌ಪಿ3 ಬಾಳಿಕೆ ಪರೀಕ್ಷೆಗೆ, ಎಕ್ಸ್‌ಪಿ4 ಗೇರ್‌ಬಾಕ್ಸನ್ನು ಹಿಂಡಲು, ಎಕ್ಸ್‌ಪಿ5 ಪ್ರಚಾರಕ್ಕೆ.

ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ ಎಂಬುದಕ್ಕೆ ಇದೇ ಕಾರಿನ ಸೈಲೆನ್ಸರ್ ನೋಡಿ. ಇನ್‌ಕೊನೆಲ್ ಎಂಬ ನಿಕಲ್ ಮಿಶ್ರಲೋಹದ ಈ ಡಬ್ಬ ಸದ್ದು ಅಡಗಿಸುವುದರ ಜೊತೆಗೆ ಹಿಂದಿನಿಂದ ಗುದ್ದಿದರೆ ನಜ್ಜುಗುಜ್ಜಾಗಿ ಪೆಟ್ಟು ನುಂಗುತ್ತದೆ. ತೂಕ ಉಳಿಸುವ ಜಾಣ ಉಪಾಯ. ಆದರೆ ಸದ್ದು ಸರಿಯಿಲ್ಲವೆಂದು ಒಳಗಿನ ತಗಡು ಬದಲಿಸಿದಿರೋ, ಹಿಂಬದಿಯ ಗುದ್ದಿನ ಲೆಕ್ಕ ಮೊದಲಿನಿಂದ ಶುರು.

ಬ್ರೇಕ್ ವಿಷಯ ಬೇಗ ಹೇಳಬಹುದು. ಚಾಲಕ ಸೇರಿ 1,220 ಕೆಜಿಯ ಕಾರು 200 ಕಿಮೀ ವೇಗದಿಂದ ನಿಲ್ಲಬೇಕಾದರೆ ಸುಮಾರು 19 ಲಕ್ಷ ಜೂಲ್ ಶಕ್ತಿ ಡಿಸ್ಕಿಗೆ ಇಳಿಯುತ್ತದೆ, 300ರಿಂದಾದರೆ 42 ಲಕ್ಷ. ಡಾಟ್ 4 ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪೆಡಲ್ ನೆಲಕ್ಕೆ ಕೂತರೆ ಮೊದಲು ಅನುಮಾನಿಸಬೇಕಾದದ್ದು ಪ್ಯಾಡನ್ನಲ್ಲ, ಹಳೆಯ ದ್ರವವನ್ನು.

ಗರಿಷ್ಠ ವೇಗದ ಸಂಖ್ಯೆಗೂ ಜಾಗಕ್ಕೂ ನಂಟಿದೆ. 1993ರಲ್ಲಿ ಎಕ್ಸ್‌ಪಿ3 ಇಟಲಿಯ ನಾರ್ಡೊದಲ್ಲಿ 372 ಕಿಮೀ ಮುಟ್ಟಿತು. ನಾರ್ಡೊ ದುಂಡಗಿನ ಟ್ರ್ಯಾಕ್. ಅದರ ಇಳಿಜಾರು ಸುಮಾರು 240 ಕಿಮೀವರೆಗಷ್ಟೇ ಕಾರನ್ನು ತಾನಾಗಿ ತಿರುಗಿಸುತ್ತದೆ, ಆಮೇಲೆ ಸ್ಟೇರಿಂಗ್ ಹಿಡಿದೇ ಇರಬೇಕು, ಟೈರ್ ತೇಯ್ದಷ್ಟು ವೇಗ ಸೋರುತ್ತದೆ. ಹಾಗಾಗಿ 1998ರ ಮಾರ್ಚ್ 31ರಂದು ರೇಸ್ ಚಾಲಕ ಆಂಡಿ ವ್ಯಾಲೆಸ್ ಜರ್ಮನಿಯ ಏರಾ-ಲೆಸೀನ್‌ನ ಉದ್ದನೆಯ ನೇರ ರಸ್ತೆಗೆ ಹೋದರು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬಹುದೆಂದು ತಡೆ ಹಾಕುವ ರೆವ್ ಲಿಮಿಟರನ್ನು 7,500ರಿಂದ 8,300ಕ್ಕೆ ಏರಿಸಲಾಗಿತ್ತು. ಎರಡೂ ದಿಕ್ಕಿನ ಸರಾಸರಿ 386.4 ಕಿಮೀ. ಅಂದು ಓಡಿದ್ದು ಐದು ವರ್ಷ ಹಳೆಯ ಎಕ್ಸ್‌ಪಿ5, ಫೋಟೊಗೆ ನಿಲ್ಲಲು ಮಾಡಿದ ಗಾಡಿ.

ಆಲ್ಬರ್ಟ್, ಎಡ್ವರ್ಡ್‌ಗಳಿಗೆ ಮ್ಯೂಸಿಯಂ ಭಾಗ್ಯ ಬರಲಿಲ್ಲ. ಕಿಟ್ ಕಾರಿನ ಹೆಸರು ಎಫ್1ಗೆ ಅಂಟಬಾರದೆಂದು ಕೆಲಸ ಮುಗಿದ ಮೇಲೆ ಎರಡನ್ನೂ ಪುಡಿ ಮಾಡಿದರು.