ದೋಣಿಗೂ ಕಾರಿಗೂ ಒಂದೇ ಕೈ ಜಿಪಿಎಸ್ ಸಾಕಾ?

ಓದುಗರ ಪ್ರಶ್ನೆ: ಕಾರವಾರದಲ್ಲಿ ಔಟ್‌ಬೋರ್ಡ್ ಎಂಜಿನ್ ಹಾಕಿದ ಸಣ್ಣ ದೋಣಿ ಇದೆ. ಕೆಲಸದ ಮೇಲೆ ತಿಂಗಳಿಗೆ ಮೂರ್ನಾಲ್ಕು ಸಲ ಕಾರಿನಲ್ಲಿ ಶಿರಸಿ, ಜೋಯಿಡಾ ಕಡೆಗೂ ಹೋಗುತ್ತೇನೆ. ಎರಡಕ್ಕೂ ಆಗುವ ಒಂದು ಕೈ ಜಿಪಿಎಸ್ ತಗೊಳ್ಳಬೇಕು ಅಂತಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ದೋಣಿಗೆ ಬೇಕಾದ್ದನ್ನು ನೋಡಿ ತಗೊಳ್ಳಿ. ಕಾರಿಗೆ ನಿಮ್ಮ ಜೇಬಿನಲ್ಲಿರುವ ಫೋನೇ ಸಾಕು. ಎರಡಕ್ಕೂ ಆಗಲಿ ಅಂತ ಹುಡುಕುತ್ತಾ ಹೋದರೆ ದುಡ್ಡು ಜಾಸ್ತಿ ಖರ್ಚಾಗುತ್ತದೆ, ದೋಣಿಗೆ ಬೇಕಿದ್ದ ಒಂದೆರಡು ಗುಣಗಳು ಕೈಬಿಟ್ಟು ಹೋಗುತ್ತವೆ.

ಮೊದಲು ಕಾರಿನ ಮಾತು ಮುಗಿಸೋಣ. ಗಾರ್ಮಿನ್ ಇಟ್ರೆಕ್ಸ್‌ನಂಥ ಕೈ ಜಿಪಿಎಸ್‌ನ ಪರದೆ ಬರೀ 2.2 ಇಂಚು. ಅದಕ್ಕೆ ಸ್ಪೀಕರ್ ಇಲ್ಲ, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅಂತ ಹೇಳುವುದಿಲ್ಲ, ಬೀಪ್ ಅನ್ನುತ್ತದೆ ಅಷ್ಟೇ. ದೇವಿಮನೆ ಘಾಟಿಯ ತಿರುವಿನಲ್ಲಿ, ಎದುರಿಗೆ ಲಾರಿ ಬರುವಾಗ ಅಷ್ಟು ಸಣ್ಣ ಪರದೆ ನೋಡುತ್ತಾ ಗಾಡಿ ಓಡಿಸುವುದು ಬೇಡವೇ ಬೇಡ. ಅಣಶಿ ಘಾಟಿಯಲ್ಲಿ ಫೋನಿಗೆ ಟವರ್ ಸಿಗುವುದಿಲ್ಲವಲ್ಲ ಅಂತ ನೀವು ಕೇಳಬಹುದು. ಫೋನಿನ ಜಿಪಿಎಸ್‌ಗೆ ಟವರ್ ಬೇಕಾಗಿಲ್ಲ. ಅದು ಉಪಗ್ರಹದ ಸಿಗ್ನಲ್ ಹಿಡಿದು ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತದೆ, ನೆಟ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳುವುದಕ್ಕೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಜಿಲ್ಲೆಯ ನಕ್ಷೆ ಆಫ್‌ಲೈನ್ ಆಗಿ ಇಳಿಸಿಟ್ಟುಕೊಳ್ಳಿ.

ಹಾಗಾದರೆ ದೋಣಿಗೂ ಫೋನೇ ಸಾಕಲ್ವಾ? ಸಾಕಾಗುವುದಿಲ್ಲ. ಒಂದು ಸಲ ಏಪ್ರಿಲ್ ಮಧ್ಯಾಹ್ನ ಕೂರ್ಮಗಡ ದ್ವೀಪ ದಾಟಿ ಹೋಗಿದ್ದಾಗ ನನ್ನ ಫೋನ್ ಬಿಸಿಲಿಗೆ ಕಾದು, ತಣ್ಣಗಾಗುವವರೆಗೆ ಕೆಲಸ ಮಾಡುವುದಿಲ್ಲ ಅಂತ ಬರೆದು ಸುಮ್ಮನಾಗಿಬಿಟ್ಟಿತು. ಕೈ ಉಪ್ಪುನೀರಿನಲ್ಲಿ ಒದ್ದೆಯಾಗಿದ್ದರೆ ಬೆರಳಿಟ್ಟ ಕಡೆ ಬಿಟ್ಟು ಬೇರೆಲ್ಲೋ ಒತ್ತಿಕೊಳ್ಳುತ್ತದೆ. ಚಾರ್ಜ್ ಮಾಡುವ ತೂತಿಗೆ ನೀರು ಹೋದರಂತೂ ಅದು ಒಣಗುವವರೆಗೆ ಚಾರ್ಜೂ ಇಲ್ಲ. ಕೈ ಜಿಪಿಎಸ್‌ನ ಪರದೆ ಹಾಗಲ್ಲ, ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುತ್ತದೆ.

ಕೊಳ್ಳುವಾಗ ಮುಖ್ಯವಾಗಿ ನೋಡಬೇಕಾದ್ದು ಗುಂಡಿ. ಟಚ್ ಪರದೆಯದ್ದು ಬೇಡ, ಒತ್ತುವ ಗುಂಡಿ ಇರುವುದೇ ಇರಲಿ. ಎರಡನೆಯದು ಸೆಲ್. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಆ ಸೆಲ್ ಎರಡು ಹಾಕಿದರೆ ನಡೆಯುವ ಮಾದರಿ ತಗೊಳ್ಳಿ. ಇಟ್ರೆಕ್ಸ್ 22ಎಕ್ಸ್ ಎರಡು ಸೆಲ್ಲಿಗೆ 25 ಗಂಟೆ ಬರುತ್ತದೆ ಅಂತ ಕಂಪನಿಯ ಲೆಕ್ಕ. ಇನ್ನೆರಡು ಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡರೆ ನಡುನೀರಿನಲ್ಲೂ ಚಿಂತೆ ಇಲ್ಲ.

22ಎಕ್ಸ್ ಮತ್ತು 32ಎಕ್ಸ್ ನೋಡಲು ಒಂದೇ ಥರ, ಆದರೆ 32ಎಕ್ಸ್‌ನಲ್ಲಿ ಮಾತ್ರ ದಿಕ್ಸೂಚಿ ಇದೆ. ದಿಕ್ಸೂಚಿ ಇಲ್ಲದ್ದು ನೀವು ಚಲಿಸುತ್ತಿದ್ದರೆ ಮಾತ್ರ ದಿಕ್ಕು ಸರಿಯಾಗಿ ತೋರಿಸುತ್ತದೆ. ಎಂಜಿನ್ ನಿಲ್ಲಿಸಿ ಬಲೆ ಹಾಕಿ ಕೂತಾಗ, ದೋಣಿ ತನ್ನಷ್ಟಕ್ಕೆ ತಿರುಗುತ್ತಿರುವಾಗ, ಅದರ ಬಾಣವನ್ನು ನಂಬಬೇಡಿ.

ಇವೆರಡೂ ನೀರಿಗೆ ಬಿದ್ದರೆ ಮುಳುಗುತ್ತವೆ. ಐಪಿಎಕ್ಸ್7 ಅಂತ ಬರೆದಿರುತ್ತದೆ, ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ, ತೇಲುತ್ತದೆ ಅಂತ ಅಲ್ಲ. ತೇಲುವುದೇ ಬೇಕಾದರೆ ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 79ಎಸ್ ಇದೆ, ಬೆಲೆ ಜಾಸ್ತಿ. ದೋಣಿಗಾಗಿಯೇ ಮಾಡಿದ ಇಂಥವುಗಳಲ್ಲಿ ಇನ್ನೊಂದು ಉಪಕಾರವಿದೆ: ಯಾರಾದರೂ ನೀರಿಗೆ ಬಿದ್ದರೆ, ಗುಂಡಿ ಒತ್ತಿದ ತಕ್ಷಣ ಆ ಜಾಗವನ್ನು ಗುರುತು ಮಾಡಿ, ಅಲ್ಲಿಗೇ ವಾಪಸ್ ದಾರಿ ತೋರಿಸುತ್ತದೆ. ನೀವು ಒಬ್ಬರೇ ಹೋಗುವವರಾದರೆ 32ಎಕ್ಸ್ ತಗೊಂಡು ಗಟ್ಟಿ ಹಗ್ಗದಲ್ಲಿ ದೋಣಿಗೆ ಕಟ್ಟಿಕೊಳ್ಳಿ. ಮೂರ್ನಾಲ್ಕು ಜನ ಹೋಗುವುದಾದರೆ ನಾನು 79ಎಸ್ ಅನ್ನೇ ಹೇಳುತ್ತೇನೆ.

ಭಟ್ಕಳ, ಕಾರವಾರದ ಎಷ್ಟೋ ಮನೆಗಳಲ್ಲಿ ಯಾರಾದರೊಬ್ಬರು ದುಬೈ ಕಡೆ ಇರುತ್ತಾರೆ, ಅವರ ಕೈಲೇ ತರಿಸೋಣ ಅನಿಸುತ್ತದೆ. ತರಿಸುವ ಮೊದಲು ಹೆಸರಿನ ಕೊನೆಯ ಅಕ್ಷರ ನೋಡಿ. 66ಐ, 67ಐ, 86ಐ ಅಂತ ‘ಐ’ ಇದ್ದರೆ ಅದರಲ್ಲಿ ಇನ್‌ರೀಚ್ ಇದೆ, ಅಂದರೆ ಉಪಗ್ರಹದ ಮೂಲಕ ಸಂದೇಶ ಕಳಿಸುತ್ತದೆ. ಅನುಮತಿ ಇಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ನೌಕಾನೆಲೆ ಪಕ್ಕದಲ್ಲೇ ಇರುವ ನಮ್ಮೂರಿನಲ್ಲಂತೂ ಇಂಥದ್ದಕ್ಕೆ ಕೈ ಹಾಕಲೇಬೇಡಿ.

ತಂದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಸೆಟ್ಟಿಂಗ್‌ನಲ್ಲಿ ಜಾಗದ ಅಂಕಿ, ಅಂದರೆ ಅಕ್ಷಾಂಶ ರೇಖಾಂಶ, ತೋರಿಸುವ ರೀತಿ ನೋಡಿಕೊಳ್ಳಿ. ಬೋಟಿನವರು ಪಾಯಿಂಟ್ ಹೇಳುವುದು ಸಾಮಾನ್ಯವಾಗಿ ಡಿಗ್ರಿ ಮತ್ತು ನಿಮಿಷದಲ್ಲಿ, ಫೋನಿನ ನಕ್ಷೆ ತೋರಿಸುವುದು ಬರೀ ಡಿಗ್ರಿಯಲ್ಲಿ. ಯಾರೋ 14 ಡಿಗ್ರಿ 48.5 ನಿಮಿಷ ಅಂದರು ಅಂತ ಇಟ್ಟುಕೊಳ್ಳಿ. ಅದು ಕಾರವಾರದ ಹತ್ತಿರ. ಅದನ್ನು 14.485 ಅಂತ ಒತ್ತಿದಿರೋ, ಸುಮಾರು 36 ಕಿ.ಮೀ. ದಕ್ಷಿಣಕ್ಕೆ, ಗೋಕರ್ಣ ಮತ್ತು ಕುಮಟಾ ನಡುವಿನ ಕಡಲಿಗೆ ಹೋದಿರಿ. ಸರಿಯಾದ ಅಂಕಿ 14.8083. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಅಕ್ಷಾಂಶದ ಒಂದು ನಿಮಿಷ ಅಂದರೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಹಾಗಾಗಿ ಇಲ್ಲಿ ಸಣ್ಣ ತಪ್ಪೂ ದೂರ ಒಯ್ಯುತ್ತದೆ.

ಇನ್ನು ಹಳೆಯ ದಾರಿಯಲ್ಲೇ ವಾಪಸ್ ಬರುವ ಸೌಲಭ್ಯ. ಹೋದ ದಾರಿ ಗೆರೆಯಾಗಿ ಉಳಿಯುತ್ತದೆ, ಮಂಜು ಕವಿದ ಬೆಳಗಿನಲ್ಲಿ ಆ ಗೆರೆ ಹಿಡಿದು ಬಂದುಬಿಡಬಹುದು. ನಮ್ಮ ಹಿರಿಯರು ಗುಡ್ಡದ ತಲೆಗೂ ಲೈಟ್‌ಹೌಸ್‌ಗೂ ನೇರ ನೋಡಿ ಜಾಗ ಗುರುತು ಮಾಡುತ್ತಿದ್ದರು, ಆ ಕಣ್ಣಳತೆ ನಿಮಗೂ ಇದ್ದರೆ ಬಿಡಬೇಡಿ, ಜಿಪಿಎಸ್ ಜೊತೆಗೆ ಅದೂ ಇರಲಿ. ಯಾಕೆಂದರೆ ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ, ಕೆಳಗೆ ಎಷ್ಟು ಮಾರು ನೀರಿದೆ ಅಂತ ಹೇಳುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಯಾವ ಹೊಳೆಯ ಅಳಿವೆಯೇ ಆಗಲಿ, ಮಳೆಗಾಲ ಕಳೆದ ಮೇಲೆ ಮರಳಿನ ದಿಬ್ಬ ಹೋದ ವರ್ಷ ಇದ್ದಲ್ಲೇ ಇರುವುದಿಲ್ಲ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಮತ್ತೆ ದೋಣಿ ಇಳಿಸುವಾಗ ಅಳಿವೆಯ ಹಳೆಯ ಗೆರೆಯನ್ನು ಅಳಿಸಿಬಿಡಿ. ಹಗಲಿನಲ್ಲಿ, ಉಬ್ಬರ ಇರುವಾಗ, ಜಾಗ ಗೊತ್ತಿರುವ ತಾಂಡೇಲರ (ಬೋಟ್ ನಡೆಸುವವರ) ಹಿಂದೆ ಒಂದು ಸಲ ಹೋಗಿ ಬನ್ನಿ, ಹೊಸ ಗೆರೆ ಉಳಿಸಿಕೊಳ್ಳಿ.

ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಸೆಲ್ ತೆಗೆದಿಡಿ. ಒಂದು ಮಳೆಗಾಲ ಪೂರ್ತಿ ಸೆಲ್ ಒಳಗೇ ಬಿಟ್ಟಿದ್ದಕ್ಕೆ ನನ್ನ ಮೊದಲ ಜಿಪಿಎಸ್‌ನ ಸ್ಪ್ರಿಂಗ್ ಹಸಿರು ಕಿಲುಬು ಹಿಡಿದು ಮುರಿದೇ ಹೋಯಿತು.