ಪದ ಪರಿಚಯ: ಫ್ಲ್ಯಾಟ್ ಪ್ಯಾಟರ್ನ್

ಪುಣೆಯ ಭೋಸರಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ವಿಜಯಪುರದ ಕಡೆಯವರು. ಶೇಂಗಾ ಚಟ್ನಿಪುಡಿ ಮಾಡಿ ಡಬ್ಬಿಗೆ ತುಂಬಿ ಮಾರುತ್ತಾರೆ. ಡಬ್ಬಿಯ ಬಾಯಿ ಅಗಲ, ತಳ ಕಿರಿದು. ನೇರ ಪಟ್ಟಿಯಂಥ ಲೇಬಲ್ ಮುಂದೆ ನೆಟ್ಟಗೆ ಕೂರುತ್ತಿತ್ತು. ಹಿಂದಕ್ಕೆ ಸುತ್ತುತ್ತ ಹೋದರೆ ಎರಡೂ ತುದಿ ಮೇಲೇರುತ್ತಿದ್ದವು, ಒತ್ತಾಯದಿಂದ ಕೆಳಗೆಳೆದರೆ ಕೆಳ ಅಂಚು ನೆರಿಗೆ ಬೀಳುತ್ತಿತ್ತು. ಅಂಟು ಸರಿಯಿಲ್ಲವೆಂದು ಅವರು ಮೂರು ಸಲ ಗೋಂದು ಬದಲಿಸಿದ್ದರು. ತಪ್ಪಿದ್ದದ್ದು ಕಾಗದದ ಆಕಾರದಲ್ಲಿ.

ಒಂದು ವಸ್ತುವಿನ ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಬಿಚ್ಚಿ ನೆಲಕ್ಕೆ ಹಾಸಿದರೆ ಸಿಗುವ ಚಪ್ಪಟೆ ಆಕಾರವೇ ಫ್ಲ್ಯಾಟ್ ಪ್ಯಾಟರ್ನ್. ತಗಡಿನ ಕೆಲಸ ಕಲಿತವರು ಡೆವಲಪ್‌ಮೆಂಟ್ ಅನ್ನುತ್ತಾರೆ. ಅಂಗಳದಲ್ಲಿ ಜೋಳ ಹರವುವವರ ಭಾಷೆಯಲ್ಲಿ ಇದನ್ನು ‘ಹರವು’ ಎಂದರೆ ಚೆನ್ನ ಎಂದು ನನ್ನ ಅನಿಸಿಕೆ. ಟೋಪಿಯಂತೆ ಸುತ್ತಿಟ್ಟ ಪೇಪರ್ ದೋಸೆಯನ್ನು ಬಿಚ್ಚಿ ನೋಡಿ: ಬೀಸಣಿಗೆಯಂಥ ಹರವು. ಅದರ ಚೂಪು ತುದಿಯನ್ನು ದುಂಡಗೆ ಕತ್ತರಿಸಿ ತೆಗೆದರೆ ಉಳಿಯುವ ಬಾಗಿದ ಪಟ್ಟಿಯೇ ನಮ್ಮ ಲೇಬಲ್.

ಅಳತೆ ಮೂರೇ ಸಾಕು. ಲೇಬಲ್‌ನ ಮೇಲಂಚು, ಕೆಳಂಚು ಬರುವಲ್ಲಿ ದಾರ ಸುತ್ತಿ, ಬಂದ ಉದ್ದವನ್ನು 3.1416ರಿಂದ ಭಾಗಿಸಿದರೆ ಎರಡು ವ್ಯಾಸ. ಮೂರನೆಯದು ಡಬ್ಬಿಯ ಮೈಗುಂಟ ಸ್ಕೇಲ್ ಇಟ್ಟು ಅಳೆದ ಓರೆ ಉದ್ದ. ನೆಟ್ಟಗಿನ ಎತ್ತರ ತೆಗೆದುಕೊಂಡರೆ ಲೆಕ್ಕ ಕೆಡುತ್ತದೆ. ಅಕ್ಕನ ಡಬ್ಬಿಯಲ್ಲಿ ವ್ಯಾಸ 90 ಮತ್ತು 70 ಮಿ.ಮೀ., ಓರೆ 100. ಓರೆಯನ್ನು ದೊಡ್ಡ ವ್ಯಾಸದಿಂದ ಗುಣಿಸಿ, ವ್ಯಾಸಗಳ ವ್ಯತ್ಯಾಸವಾದ 20ರಿಂದ ಭಾಗಿಸಿದರೆ 450: ಅದು ಮೇಲಿನ ಕಮಾನಿನ ತ್ರಿಜ್ಯ. ಅದರಿಂದ ಓರೆ ಕಳೆದರೆ ಕೆಳಗಿನದು, 350. ಬೀಸಣಿಗೆ ಎಷ್ಟು ತೆರೆದಿರಬೇಕೆಂಬ ಕೋನಕ್ಕೆ 180ನ್ನು ಅದೇ 20ರಿಂದ ಗುಣಿಸಿ ಓರೆಯಾದ 100ರಿಂದ ಭಾಗಿಸಬೇಕು: 36 ಡಿಗ್ರಿ. ಈ ಡಬ್ಬಿಗೆ ನೇರ ಪಟ್ಟಿ ಸುತ್ತಿದರೆ ತುದಿಗಳು ಹಿಂದೆ ಸೇರುವಷ್ಟರಲ್ಲಿ ಸುಮಾರು 2 ಸೆಂ.ಮೀ. ಮೇಲೇರಿರುತ್ತವೆ. ಅಂಟಿನಿಂದ ಸರಿಹೋಗುವ ಅಂತರವಲ್ಲ ಅದು.

ಇದನ್ನು ಕಂಪ್ಯೂಟರಿನ ನಕ್ಷೆ ತಂತ್ರಾಂಶಗಳಲ್ಲೂ ಬರೆಯಬಹುದು. ಆಟೋಕ್ಯಾಡ್‌ನಲ್ಲಾದರೆ ಒಂದೇ ಕೇಂದ್ರದಿಂದ ಈ ಎರಡು ಕಮಾನು ಎಳೆದು ಬದಿಗಳನ್ನು ಮುಚ್ಚಿದರಾಯಿತು. ಸಾಲಿಡ್‌ವರ್ಕ್ಸ್‌ನಲ್ಲಿ ಡಬ್ಬಿಯ ಮೈಯನ್ನು ಶೀಟ್ ಮೆಟಲ್ (ತಗಡು) ಆಗಿ ಮಾಡುವಾಗ ಉದ್ದಕ್ಕೆ ಸಣ್ಣ ಸೀಳು ಬಿಡಲೇಬೇಕು, ಸೀಳಿಲ್ಲದ ಬಳೆ ಬಿಚ್ಚಿಕೊಳ್ಳುವುದಾದರೂ ಹೇಗೆ? ರೈನೋದಲ್ಲಿ ಇದಕ್ಕೆಂದೇ ಅನ್‌ರೋಲ್ ಆಜ್ಞೆಯಿದೆ. ಒಂದು ಬದಿಗೆ ಅಂಟಿಗಾಗಿ 5-6 ಮಿ.ಮೀ. ಹೆಚ್ಚು ಕೊಡಿ. ಅಕ್ಷರಗಳ ಸಾಲೂ ಅದೇ ಕೇಂದ್ರದ ಕಮಾನಿನ ಮೇಲೆ ಕೂರಬೇಕು, ಇಲ್ಲದಿದ್ದರೆ ಲೇಬಲ್ ಸರಿಯಾಗಿ ಕೂತರೂ ಹೆಸರು ಸೊಟ್ಟಗೆ ಕಾಣುತ್ತದೆ. ಮೊದಲು ಸಾದಾ ಕಾಗದದಲ್ಲಿ, ‘ಫಿಟ್ ಟು ಪೇಜ್’ ತೆಗೆದು, ಪೂರ್ತಿ ಅಳತೆಗೆ ಪ್ರಿಂಟ್ ಮಾಡಿ ಸುತ್ತಿ ನೋಡಿ.

ಎಲ್ಲ ಮೈಗೂ ಹರವು ಇರುವುದಿಲ್ಲ. ಕೊಳವೆಗೆ, ಶಂಕುವಿಗೆ ಇದೆ. ಮಡಿಕೆಯ ಉಬ್ಬಿದ ಹೊಟ್ಟೆಗೆ ಇಲ್ಲ. ಎರಡೂ ದಿಕ್ಕಿಗೆ ಬಾಗಿದ ಮೈಯನ್ನು ಹಿಗ್ಗಿಸದೆ ಚಪ್ಪಟೆ ಮಾಡಲಾಗದೆಂಬುದು ಗಣಿತಜ್ಞ ಗಾಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದಲೇ ಹೊರಡುತ್ತದೆ. ಅಂಥ ಡಬ್ಬಿಗೆ ಚಿಕ್ಕ ಲೇಬಲ್ ಅಥವಾ ಹಿಗ್ಗುವ ಫಿಲ್ಮ್ ಬೇಕು. ಅಕ್ಕ ಉಪ್ಪಿನಕಾಯಿಗೆ ಹೊಸದಾಗಿ ತಂದಿರುವ ಜಾಡಿ ಅದೇ ಜಾತಿಯದು. ಅದರ ಮುಚ್ಚಳದ ಮೇಲಷ್ಟೇ ದುಂಡನೆಯ ಲೇಬಲ್ ಹಚ್ಚಲು ಹೇಳಿದ್ದೇನೆ.