ನೋವಿನ ಗೇಟು ಮತ್ತು ಬಣ್ಣದ ಪೆನ್ಸಿಲ್

ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಾಗ ನೋವು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಮಾಡಲು ಬೇರೇನೂ ಇಲ್ಲ. ಗಮನವೆಲ್ಲ ನೋಯುವ ಜಾಗದಲ್ಲೇ. ಜೊತೆಗೆ ಡಾಕ್ಟರು ಏನು ಹೇಳುತ್ತಾರೋ ಎಂಬ ಭಯ. ಆಗ ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲ್ ಕೊಟ್ಟರೆ 'ಮಕ್ಕಳಿಗೆ ಸರಿ, ದೊಡ್ಡವರಿಗೆ ಸುಮ್ನೆ ಟೈಂಪಾಸ್' ಅನ್ನುವವರಿದ್ದಾರೆ. ಈ ಮಾತು ತಪ್ಪು.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಒಂದು ಸೊಗಸಾದ ವಿಚಾರ ಮುಂದಿಟ್ಟರು. ನೋವಿನ ಸುದ್ದಿ ಮಿದುಳಿಗೆ ನೇರವಾಗಿ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಗೇಟು ದಾಟಬೇಕು. ಹೊಸಿಲು ಎಡವಿದ ಕೂಡಲೇ ಬೆರಳು ಉಜ್ಜಿಕೊಳ್ಳುತ್ತೇವಲ್ಲ, ಆ ಸ್ಪರ್ಶದ ಸುದ್ದಿ ಗೇಟನ್ನು ಅರ್ಧ ಮುಚ್ಚುತ್ತದೆ. ಮಿದುಳು ಕೂಡ ಮೇಲಿಂದಲೇ ಗೇಟು ಮುಚ್ಚಿಸಬಲ್ಲದು. 2012ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಇದನ್ನು ಪರೀಕ್ಷಿಸಿದರು. ಕೈಗೆ ನೋವಾಗುವಷ್ಟು ಬಿಸಿ ತಾಗಿಸಿ, ಅದೇ ಹೊತ್ತಿಗೆ ನೆನಪಿನ ಕಷ್ಟದ ಕೆಲಸ ಕೊಟ್ಟರು. ಸ್ಕ್ಯಾನ್‌ನಲ್ಲಿ ನೋಡಿದರೆ ನೋವಿನ ಸುದ್ದಿ ಬೆನ್ನುಹುರಿಯಲ್ಲೇ ತಗ್ಗಿತ್ತು! ಅಫೀಮಿನಂಥ ವಸ್ತುಗಳನ್ನು ತಡೆಯುವ ನಲಾಕ್ಸೋನ್ ಎಂಬ ಔಷಧ ಕೊಟ್ಟಾಗ ಈ ಲಾಭ ಕಡಿಮೆಯಾಯಿತು. ಅಂದರೆ ನಮ್ಮ ದೇಹವೇ ಅಫೀಮಿನಂಥ ನೋವುನಿವಾರಕ ತಯಾರಿಸಿ ಅಲ್ಲಿ ಸುರಿಯುತ್ತಿತ್ತು.

ಚಿತ್ರ ಬಿಡಿಸುವುದೂ ಗಮನ ಬೇಡುವ ಕೆಲಸವೇ. ಕಣ್ಣು, ಕೈ, ಯೋಚನೆ ಮೂರೂ ಬೇಕು. ಇಂಗ್ಲೆಂಡಿನ ಕಲಾವಿದ ಏಡ್ರಿಯನ್ ಹಿಲ್ ಇದನ್ನು ಅನುಭವದಿಂದ ಕಂಡುಕೊಂಡವರು. 1938ರಲ್ಲಿ ಕ್ಷಯ ಹಿಡಿದು ಮಿಡ್‌ಹರ್ಸ್ಟ್‌ನ ಸ್ಯಾನಟೋರಿಯಂ, ಅಂದರೆ ಕ್ಷಯ ರೋಗಿಗಳ ಆಸ್ಪತ್ರೆ, ಸೇರಿದರು. ಹಾಸಿಗೆಯಲ್ಲೇ ಚಿತ್ರ ಬಿಡಿಸಿದರು, ಆಮೇಲೆ ಉಳಿದ ರೋಗಿಗಳಿಗೂ ಕಲಿಸಿದರು. 2006ರಲ್ಲಿ ಶಿಕಾಗೋದಲ್ಲಿ 50 ಕ್ಯಾನ್ಸರ್ ರೋಗಿಗಳು ಒಂದು ಗಂಟೆ ಕಲಾ ಚಟುವಟಿಕೆ ಮಾಡಿದ ಮೇಲೆ ನೋವು, ಸುಸ್ತು, ಆತಂಕ ಸೇರಿ ಒಂಬತ್ತರಲ್ಲಿ ಎಂಟು ತೊಂದರೆಗಳು ಇಳಿದವು. ವಾಕರಿಕೆ ಮಾತ್ರ ಇಳಿಯಲಿಲ್ಲ. ಹೋಲಿಸಿ ನೋಡಲು ಸುಮ್ಮನೆ ಕೂತ ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಇದನ್ನು ಕೊನೆಯ ಮಾತು ಅನ್ನಲಾಗದು.

ನನಗೆ ಚಿಂತೆಯಾಗುವುದು ಇನ್ನೊಂದು ವಿಷಯಕ್ಕೆ. ಹಸಿರು ಹಚ್ಚಿದರೆ ಲಿವರ್ ವಾಸಿ, ನೀಲಿಗೆ ಬಿಪಿ ಇಳಿಯುತ್ತದೆ ಎಂದು ನಂಬಿಸುವವರಿದ್ದಾರೆ. ದಯವಿಟ್ಟು ನಂಬಬೇಡಿ. ಬಣ್ಣ ರೋಗ ವಾಸಿ ಮಾಡುವುದಿಲ್ಲ. ಕಾಯುವ ಹೊತ್ತಿನ ಸಂಕಟ ಇಳಿಸಬಹುದು, ಅಷ್ಟೇ. ಎದೆನೋವು ಬಂದವರ ಕೈಗೆ ಪೆನ್ಸಿಲ್ ಕೊಟ್ಟು ಕೂರಿಸಬಾರದು, ಅವರನ್ನು ಮೊದಲು ಒಳಗೆ ಕರೆಯಬೇಕು.

ಚೆನ್ನಾಗಿ ಬಿಡಿಸಲು ಬರಬೇಕಾ? ಬೇಡ. ಚುಕ್ಕಿ ಇಟ್ಟು ರಂಗೋಲಿ ಎಳೆದರೂ ಸಾಕು. ಹೆಸರು ಕರೆದದ್ದು ಕೇಳದೇ ಹೋದರೆ ಅನ್ನುವ ಭಯಕ್ಕೂ ಒಂದು ಉತ್ತರವಿದೆ. 2009ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಜಾಕಿ ಆಂಡ್ರೇಡ್ 40 ಜನರಿಗೆ ಬೋರ್ ಹೊಡೆಸುವ ಫೋನ್ ಸಂದೇಶವೊಂದನ್ನು ಕೇಳಿಸಿದರು. ಹಾಳೆಯ ಮೇಲಿನ ಆಕಾರಗಳ ಒಳಗೆ ಪೆನ್ಸಿಲ್‌ನಿಂದ ಗೀಚಿ ತುಂಬುತ್ತಾ ಕೇಳಿದವರು ಉಳಿದವರಿಗಿಂತ 29% ಹೆಚ್ಚು ವಿಷಯ ನೆನಪಿಟ್ಟುಕೊಂಡಿದ್ದರು.